ಗುಂಯ್ ಅನ್ನೋ ಸದ್ದು: ಬೇರಿಂಗಾ, ಟಯರಾ?

ಪ್ರಶ್ನೆ: ಹಳೇ ಕಾರು ತಗೊಂಡು ಎರಡು ತಿಂಗಳಾಯ್ತು. ವೇಗ 60 ದಾಟಿದರೆ ಮುಂದಿನಿಂದ ಗುಂಯ್ ಅಂತ ಸದ್ದು, ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲುವುದಿಲ್ಲ. ಎಡಕ್ಕೆ ತಿರುಗಿಸಿದಾಗ ಇನ್ನೂ ಜಾಸ್ತಿ. ಯಾವ ಕಡೆಯ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ನಡುವೆ ಇರುವ ಗುಂಡುಗಳ ಬಳೆ) ಹೋಗಿರಬಹುದು?

ಉತ್ತರ 1: ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ವಾಲುತ್ತದೆ, ಹಾಗಾಗಿ ಮೊದಲ ಅನುಮಾನ ಬಲಗಡೆಯದರ ಮೇಲೆ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಒಂದು ಕೈಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್ ಹಿಡಿದು ಇನ್ನೊಂದರಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಒಳಗೆ ಮರಳು ಅರೆದ ಹಾಗೆ ಗರಗರ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿಯೂ ನೋಡಿ, ಆದರೆ ಅಲುಗಾಟ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ.

ಉತ್ತರ 2: ಸುಮ್ನೆ ಬಿಚ್ಚಬೇಡಿ! ನಾನು ಬೇರಿಂಗ್ ಬದಲಿಸಿ ಆದ ಮೇಲೆ ನೋಡಿದರೆ ಟಯರ್ ಏರುಪೇರಾಗಿ ಸವೆದಿತ್ತು. ಮುಂದಿನ ಟಯರ್ ಹಿಂದಕ್ಕೆ ಹಾಕಿ ಓಡಿಸಿ, ಸದ್ದೂ ಹಿಂದಕ್ಕೆ ಹೋದರೆ ತಪ್ಪು ಟಯರಿನದೇ ಅಲ್ವಾ.

ಉತ್ತರ 3: ಒತ್ತಿ ಕೂರಿಸುವ ಬೇರಿಂಗ್ ಆದರೆ ಸುತ್ತಿಗೆ ಬೇಡ, ಪ್ರೆಸ್ (ಒತ್ತುವ ಯಂತ್ರ) ಬೇಕು. ನಕಲ್‌ಗೆ (ಬೇರಿಂಗ್ ಕೂರುವ, ಚಕ್ರದ ಹಿಂದಿನ ಲೋಹದ ಭಾಗ) ಕೂರಿಸುವಾಗ ಹೊರಗಿನ ರಿಂಗಿನ ಮೇಲೆ ಮಾತ್ರ ಒತ್ತಿ, ಒಳಗಿನದರ ಮೇಲೆ ಒತ್ತಿದರೆ ಹೊಸದೂ ಅಲ್ಲೇ ಹಾಳು. ಆಕ್ಸಲ್ ನಟ್ (ಚಕ್ರದ ನಡುವಿನ ದೊಡ್ಡ ನಟ್) ಹೊಸದೇ ಹಾಕಿ, ಟಾರ್ಕ್ ರೆಂಚ್‌ನಲ್ಲೇ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್) ಬಿಗಿ ಮಾಡಿ.

ಪ್ರಶ್ನೆ ಕೇಳಿದವರು: ತಿರುಗಿಸಿ ನೋಡಿದೆ. ಬಲಗಡೆಯದು ಗರಗರ, ಎಡಗಡೆಯದು ನುಣ್ಣಗಿದೆ.