ಅಪ್‌ಡೇಟ್: ಮಂಗಟ್ಟೆ ಹಕ್ಕಿಯ ಪುಸ್ತಕ ಅಚ್ಚಿಗೆ ಹೋಯಿತು

ಶಿರಸಿ ಕಾಡಿನ ಮಂಗಟ್ಟೆ ಹಕ್ಕಿಯ ಕಥೆ ಬರೆದಿದ್ದೇನೆ, ಅದು ಮಕ್ಕಳ ಚಿತ್ರಪುಸ್ತಕ ಆಗುವುದು ಹೇಗೆ ಎಂದು ನಿಮ್ಮನ್ನೆಲ್ಲ ಕೇಳಿದ್ದೆ. "ಮೊದಲು ಡಮ್ಮಿ ಮಾಡಿ", ಅಂದರೆ ಅಚ್ಚಿಗೆ ಮುಂಚೆ ಕೈಯಲ್ಲೇ ಒಂದು ಮಾದರಿ ಪುಸ್ತಕ ಮಾಡಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದೇ.

ಎಂಟು ಎ4 ಹಾಳೆ ಮಡಚಿ, ನಡುವೆ ಹೊಲಿದರೆ 32 ಪುಟದ ಖಾಲಿ ಪುಸ್ತಕ ಸಿದ್ಧ. ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿದಾಗ 8 ಅಥವಾ 16 ಪುಟ ಬರುತ್ತವೆ. ಅದಕ್ಕೇ ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24, 32 ಪುಟ ಇರುತ್ತವೆ.

ಹೆಣ್ಣು ಮಂಗಟ್ಟೆ ಮೊಟ್ಟೆಯಿಡಲು ಮರದ ಪೊಟರೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಡುತ್ತದೆ. ಗಂಡು ಆ ಸೀಳಿನಿಂದಲೇ ಹಣ್ಣು ಕೊಡುತ್ತದೆ. ನನ್ನ ಕಥೆಯಲ್ಲಿ ಇದಕ್ಕೆ ಒಂದಿಡೀ ಪ್ಯಾರಾ ಇತ್ತು. ಡಮ್ಮಿಯಲ್ಲಿ ಎರಡೂ ಪುಟ ಪೂರ್ತಿ ಕತ್ತಲೆ, "ಅಮ್ಮಾ, ಯಾರೋ ಬಂದರು!" ಎಂಬ ಮರಿಯ ಮಾತು ಮಾತ್ರ. ಪುಟ ತಿರುಗಿಸಿದರೆ ಸೀಳಿನಲ್ಲಿ ಹಳದಿ ಕೊಕ್ಕು, ಅದರ ತುದಿಯಲ್ಲಿ ಅತ್ತಿಹಣ್ಣು. ಉಳಿದದ್ದನ್ನು ಚಿತ್ರವೇ ಹೇಳುತ್ತದೆ, ಅಲ್ವಾ? ಆ ಪ್ಯಾರಾ ತೆಗೆದುಬಿಟ್ಟೆ.

ಚಿತ್ರ ಬರೆದದ್ದು ಕಾರವಾರದ ಗೆಳತಿ. ಹಕ್ಕಿಯ ಕಣ್ಣು ಹೊಲಿಗೆಯ ಮಡಿಕೆಗೆ ಸಿಗದಂತೆ ಪಕ್ಕಕ್ಕೆ ಸರಿಸಿದಳು. ಹಾಳೆ ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯಬಾರದೆಂದು ಪ್ರತಿ ಚಿತ್ರವನ್ನೂ ಪುಟದಿಂದ 3 ಮಿ.ಮೀ. ಆಚೆಗೂ ಬೆಳೆಸಿದಳು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಬಗ್ಗೆ ಕೇಳಿದವರಿಗೆ: ಭಾರತದಲ್ಲಿ ಅದು ಉಚಿತ, ಆನ್‌ಲೈನಲ್ಲೇ ಅರ್ಜಿ ಹಾಕಬಹುದು.

ಡಮ್ಮಿಯ ಫೋಟೋ ಬೇಕಾದವರು ಹೇಳಿ, ಹಾಕುತ್ತೇನೆ.