ತಮ್ಮ ಬೈಕಿನಿಂದ ಬಿದ್ದಿದ್ದಾನೆ, ಮನೆಯಲ್ಲಿ ಕೂಗಾಟ. ಮೊದಲು ಏನು ನೋಡಬೇಕು?

ಅಕ್ಕ (ಪ್ರಶ್ನೆ)

ತಮ್ಮನಿಗೆ 18. ಲೈಸೆನ್ಸ್ ಬಂದು ನಾಲ್ಕು ತಿಂಗಳು. ನಿನ್ನೆ ಸಂಜೆ ಎಡ ತಿರುವಿನಲ್ಲಿ ಮರಳು ಕಂಡು ಬ್ರೇಕ್ ಹಿಡಿದನಂತೆ. ಮುಂದಿನ ಚಕ್ರ ಜಾರಿ ಬೈಕ್ ಎಡಕ್ಕೆ ಮಲಗಿದೆ. ವೇಗ 40ರ ಆಸುಪಾಸು ಅಂತಾನೆ. ಬೇರೆ ವಾಹನ ಯಾವುದೂ ಇರಲಿಲ್ಲ. ಹೆಲ್ಮೆಟ್ ಹಾಕಿದ್ದ, ಎಡ ಕಿವಿಯ ಮೇಲ್ಭಾಗದಲ್ಲಿ ಅಂಗೈ ಅಗಲ ಉಜ್ಜಿದ ಗುರುತಿದೆ. ಪ್ರಜ್ಞೆ ತಪ್ಪಿರಲಿಲ್ಲ. ಎಡ ಮೊಣಕೈ, ಮೊಣಕಾಲು ತರಚಿದೆ. ಅದೇ ಬೈಕ್ ಓಡಿಸಿಕೊಂಡು ಮನೆಗೆ ಬಂದ. ಡಾಕ್ಟರ ಹತ್ತಿರ ಬರಲ್ಲ, ‘ನಂಗೇನೂ ಆಗಿಲ್ಲ’ ಅಂತ ಹಟ.

ಅಪ್ಪ ಕೀ ಕಿತ್ತಿಟ್ಟುಕೊಂಡು ಬೈಕ್ ಮಾರೇಬಿಡ್ತೀನಿ ಅಂತಿದ್ದಾರೆ. ಅಮ್ಮ ಒಂದೇ ಸಮನೆ ಅಳ್ತಿದ್ದಾರೆ. ಇವನು ಬಾಗಿಲು ಹಾಕಿಕೊಂಡು ಮಲಗಿದ್ದಾನೆ. ಡಾಕ್ಟರಿಗೆ ತೋರಿಸಲೇಬೇಕಾ? ಬೈಕಿನಲ್ಲಿ ಕ್ಲಚ್ ಲಿವರ್ ಬಗ್ಗಿರುವುದು ಬಿಟ್ಟರೆ ಗೀರುಗಳಷ್ಟೇ ಕಾಣ್ತಿವೆ, ಒಳಗೆ ಏನು ನೋಡಬೇಕು? ಇವರೆಲ್ಲರ ನಡುವೆ ನಾನು ಮಾತು ಹೇಗೆ ಶುರು ಮಾಡಲಿ?

ತುರ್ತು ವಿಭಾಗ

ಇದನ್ನು ಓದಿದ ತಕ್ಷಣ ಹೋಗಿ ಆ ಬಾಗಿಲು ತೆಗೆಸಿ. ಮಿಕ್ಕಿದ್ದೆಲ್ಲ ಆಮೇಲೆ.

ಹೆಲ್ಮೆಟ್ ಮೇಲೆ ಅಷ್ಟಗಲ ಗುರುತಿದೆ ಅಂದರೆ ತಲೆ ನೆಲಕ್ಕೆ ಬಡಿದಿದೆ ಅಂತಲೇ ಲೆಕ್ಕ. ಪ್ರಜ್ಞೆ ತಪ್ಪದಿದ್ದರೂ ಮಿದುಳಿಗೆ ಪೆಟ್ಟಾಗಿರಬಹುದು. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೋರುತ್ತಿದ್ದರೆ ಮೊದಲ ಕೆಲವು ಗಂಟೆ ಆಳು ನೆಟ್ಟಗೇ ಇರುತ್ತಾನೆ, ಮಾತಾಡುತ್ತಾನೆ, ಊಟ ಮಾಡುತ್ತಾನೆ, ಆಮೇಲೆ ಕುಸಿಯುತ್ತಾನೆ. ಹಾಗಾಗಿ ‘ನಂಗೇನೂ ಆಗಿಲ್ಲ’ ಅನ್ನುವ ಮಾತನ್ನು ನಂಬಿ ಕೂರಬೇಡಿ. ಇವತ್ತೇ ತೋರಿಸಿ. ಬಿದ್ದ ಹೊತ್ತಿನಿಂದ 48 ಗಂಟೆ ಒಬ್ಬನೇ ಇರಕೂಡದು.

ನಿದ್ದೆ ಮಾಡಬಾರದು ಅನ್ನುವುದು ತಪ್ಪು ನಂಬಿಕೆ. ಮಲಗಲಿ, ಆದರೆ ಅದೇ ಕೋಣೆಯಲ್ಲಿ ಇನ್ನೊಬ್ಬರಿರಲಿ. ಎಬ್ಬಿಸಿದರೆ ಏಳಬೇಕು, ಎಲ್ಲಿದ್ದೀನಿ, ಏನಾಯಿತು ಅಂತ ತಡವರಿಸದೆ ಹೇಳಬೇಕು. ಕೆಳಗಿನ ಯಾವ ಒಂದು ಲಕ್ಷಣ ಕಂಡರೂ ಬೆಳಗಾಗಲಿ ಅಂತ ಕಾಯದೆ ತುರ್ತು ವಿಭಾಗಕ್ಕೆ ಹೊರಡಿ: ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಕೇಳಿದ್ದನ್ನೇ ಕೇಳುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಇಲ್ಲವೇ ರಕ್ತ, ಕಿವಿಯ ಹಿಂದೆ ನೀಲಿಗಟ್ಟುವುದು.

ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಪೊಟ್ಟಣದ ಮೇಲಿನ ಪ್ರಮಾಣ ಮೀರದೆ. ಮೊದಲ ಎರಡು ದಿನ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ರಕ್ತಸ್ರಾವ ಇದ್ದರೆ ಅದನ್ನು ಹೆಚ್ಚಿಸಬಹುದು.

ಎಲ್ಲರೂ ಮರೆಯುವ ಜಾಗ ಹೊಟ್ಟೆ. ಬೀಳುವಾಗ ಹ್ಯಾಂಡಲ್‌ನ ತುದಿ ಪಕ್ಕೆಲುಬಿನ ಕೆಳಗೆ ತಿವಿದಿದ್ದರೆ ಹೊರಗೆ ನಾಣ್ಯದಗಲ ಕಲೆಯಷ್ಟೇ ಕಾಣಬಹುದು, ಒಳಗೆ ಗುಲ್ಮಕ್ಕೋ (ಸ್ಪ್ಲೀನ್) ಯಕೃತ್ತಿಗೋ (ಲಿವರ್) ಪೆಟ್ಟಾಗಿರಬಹುದು. ಅವನ ಅಂಗಿ ಎತ್ತಿಸಿ ನೋಡಿ. ಹೊಟ್ಟೆ ಬಿಗಿಯಾಗುವುದು, ಭುಜಕ್ಕೆ ಪೆಟ್ಟಾಗದೆಯೂ ಎಡ ಭುಜದ ತುದಿ ನೋಯುವುದು, ನಿಂತಾಗ ತಲೆ ಸುತ್ತುವುದು, ಮೂತ್ರ ಕೆಂಪಾಗುವುದು, ಇವು ಒಂದೆರಡು ದಿನ ಬಿಟ್ಟೂ ಶುರುವಾಗಬಹುದು.

ತರಚು ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಹತ್ತು ನಿಮಿಷವಾದರೂ ತೊಳೆಯಿರಿ. ಉರಿಯುತ್ತದೆ ಅಂತ ಬಿಡಬೇಡಿ. ಚರ್ಮದೊಳಗೆ ಉಳಿದ ಕಪ್ಪು ಕಣಗಳು ಅಲ್ಲೇ ಕೂತರೆ ಹಚ್ಚೆಯ ಹಾಗೆ ಕಾಯಂ ಆಗುತ್ತವೆ. ಒದ್ದೆ ಗಾಜ್‌ನಿಂದ ಮೆಲ್ಲಗೆ ಒರೆಸಿ ತೆಗೆಯಿರಿ, ಬರದಿದ್ದದ್ದನ್ನು ಡಾಕ್ಟರು ಮರಗಟ್ಟಿಸಿ ತೆಗೆಯುತ್ತಾರೆ. ಆಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ಅದರ ಮೇಲೆ ಅಂಟಿಕೊಳ್ಳದ ಡ್ರೆಸಿಂಗ್, ದಿನಕ್ಕೊಮ್ಮೆ ಬದಲಾವಣೆ. ಗಾಳಿಗೆ ಬಿಟ್ಟು ಹಕ್ಕಳೆ ಗಟ್ಟಿಸಬೇಡಿ, ಒದ್ದೆಯಾಗಿದ್ದರೆ ಬೇಗ ಮಾಯುತ್ತದೆ. ಮಣ್ಣು ತಾಗಿದ ಗಾಯ, ಹಾಗಾಗಿ ಕೊನೆಯ ಟೆಟನಸ್ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಇನ್ನೊಂದು ಬೇಕು.

ಅಕ್ಕ

ಬಾಗಿಲು ತೆಗೆಸಿದೆ. ಸರಿಯಾಗಿಯೇ ಮಾತಾಡ್ತಿದ್ದಾನೆ, ಸ್ವಲ್ಪ ತಲೆನೋವಿದೆ, ವಾಂತಿ ಇಲ್ಲ, ಹೊಟ್ಟೆ ಮೇಲೆ ಗುರುತಿಲ್ಲ. ಆದರೆ ಎಡಗೈಯಲ್ಲಿ ಲೋಟ ಎತ್ತುವಾಗ ಹೆಬ್ಬೆರಳಿನ ಬುಡದಲ್ಲಿ ಚುಚ್ಚುತ್ತೆ ಅಂತಾನೆ. ಬಾವು ಅಷ್ಟೇನಿಲ್ಲ. ಉಳುಕಿರಬೇಕು?

ತುರ್ತು ವಿಭಾಗ

ಉಳುಕು ಅಂತ ತೀರ್ಮಾನಿಸಬೇಡಿ. ಹೆಬ್ಬೆರಳನ್ನು ಮೇಲಕ್ಕೆ ಚಾಚಿಸಿ. ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ನರಗಳ ಹಾಗೆ ಕಾಣುವ ಸ್ನಾಯುರಜ್ಜುಗಳ ಮಧ್ಯೆ ಸಣ್ಣ ಗುಳಿ ಬೀಳುತ್ತದೆ. ಅಲ್ಲಿ ಬೆರಳಿನಿಂದ ಒತ್ತಿ. ಅಲ್ಲೇ ನೋವು ಎದ್ದರೆ ಸ್ಕೇಫಾಯ್ಡ್ ಅನ್ನುವ ಪುಟ್ಟ ಮೂಳೆ ಮುರಿದಿರುವ ಸಂಶಯ ಬರಬೇಕು. ಬೀಳುವಾಗ ಅಂಗೈ ಊರಿದವರಿಗೆ ಇದು ಸಾಮಾನ್ಯ.

ಇದರ ತೊಂದರೆ ಏನೆಂದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಹೋಗಬಹುದು. ‘ಎಕ್ಸ್‌ರೇ ಸರಿಯಿದೆ’ ಅಂದರೂ ಆ ಗುಳಿಯಲ್ಲಿ ನೋವಿದ್ದರೆ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಈ ಮೂಳೆಗೆ ರಕ್ತ ಬರುವುದು ಬಹುಪಾಲು ಒಂದೇ ತುದಿಯಿಂದ. ಮುರಿದದ್ದನ್ನು ಹಾಗೇ ಬಿಟ್ಟರೆ ಒಂದು ತುಂಡು ರಕ್ತವಿಲ್ಲದೆ ಸತ್ತು, ಮಣಿಕಟ್ಟು ಶಾಶ್ವತವಾಗಿ ನೋಯುವಂತಾಗಬಹುದು. ತಲೆ ತೋರಿಸಲು ಹೋದಾಗ ಇದನ್ನೂ ಬಾಯಿಬಿಟ್ಟು ಹೇಳಿ. ಹುಡುಗರು ತಾವಾಗಿ ಹೇಳುವುದಿಲ್ಲ.

ಸ್ಪ್ಯಾನರ್ 12

ಬೈಕಿನ ವಿಚಾರ ನಾನು ಹೇಳುತ್ತೇನೆ. ಇನ್ಶೂರೆನ್ಸ್‌ನಲ್ಲಿ ಕೇಳುವ ಯೋಚನೆಯಿದ್ದರೆ ಏನನ್ನೂ ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದು ಅವರಿಗೆ ತಿಳಿಸಿ.

ಎಡಕ್ಕೆ ಬಿದ್ದ ಬೈಕಿನಲ್ಲಿ ಮೊದಲು ನೋಡುವುದು ಮುಂಭಾಗದ ನೇರ. ಸೀಟಿನ ಮೇಲೆ ಕೂತು ಚಕ್ರ ನೇರ ಇಡಿ, ಹ್ಯಾಂಡಲ್ ಒಂದು ಕಡೆಗೆ ವಾಲಿದಂತೆ ಕಾಣುತ್ತದಾ? ಹಾಗಿದ್ದರೆ ಮೂರು ಸಾಧ್ಯತೆ: ಹ್ಯಾಂಡಲ್‌ಬಾರೇ ಬಗ್ಗಿದೆ, ಫೋರ್ಕ್ ಪೈಪ್‌ಗಳು (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆಗಳು) ಟಿ-ಸ್ಟೆಮ್‌ನಲ್ಲಿ (ಅವನ್ನು ಬೈಕಿನ ಕತ್ತಿಗೆ ಜೋಡಿಸುವ ಭಾಗ) ತಿರುಚಿಕೊಂಡಿವೆ, ಅಥವಾ ಪೈಪೇ ಬಗ್ಗಿದೆ. ಬರೀ ತಿರುಚಿದ್ದರೆ ಆಕ್ಸಲ್ ಮತ್ತು ಕೆಳಗಿನ ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ, ನೇರ ಮಾಡಿ, ಕಂಪನಿ ಹೇಳಿದ ಟಾರ್ಕ್‌ಗೆ (ಬಿಗಿಯ ಅಳತೆ) ಬಿಗಿ ಮಾಡಿದರೆ ಮುಗಿಯಿತು. ಪೈಪ್ ಬಗ್ಗಿದ್ದರೆ ನೇರ ಮಾಡಿಸುವುದು ಬೇಡ, ಬದಲಿಸಿ.

ಆಮೇಲೆ ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲಾದರೂ ಗುಂಡಿಗೆ ಬಿದ್ದಂತೆ ಟಕ್ಕನೆ ನಿಂತರೆ ಕೋನ್‌ಸೆಟ್ (ಹ್ಯಾಂಡಲ್ ಸಲೀಸಾಗಿ ತಿರುಗಿಸುವ ಬೇರಿಂಗ್) ಹೋಗಿದೆ. ಹೀಗೇ ತಿರುಗಿಸುತ್ತಾ ಎರಡೂ ಕೊನೆಯಲ್ಲಿ ಎಕ್ಸಲರೇಟರ್ ತಿರುಗಿಸಿ ಕೈಬಿಡಿ. ತಟ್ಟನೆ ತಾನೇ ಮುಚ್ಚಿಕೊಳ್ಳಬೇಕು. ಹ್ಯಾಂಡಲ್ ಜರುಗಿ ಕೇಬಲ್ ಎಳೆದಿದ್ದರೆ ಪೂರ್ತಿ ತಿರುಗಿಸಿದಾಗ ತಾನಾಗಿ ರೇಸ್ ಏರುತ್ತದೆ. ಜನ ಗೀರು ನೋಡುತ್ತಾರೆ, ಇದನ್ನು ನೋಡುವುದಿಲ್ಲ.

ಎಡಗಡೆ ಇನ್ನೂ ಮೂರು ಜಾಗ. ಗೇರ್ ಲಿವರ್ ಒಳಕ್ಕೆ ಬಗ್ಗಿ ಕೇಸಿಂಗ್‌ಗೆ ತಾಗುತ್ತಿದ್ದರೆ ಗೇರ್ ಅರ್ಧಕ್ಕೇ ಕೂತು ಜಾರುತ್ತದೆ. ಮ್ಯಾಗ್ನೆಟ್ ಕವರ್‌ನಲ್ಲಿ (ಎಂಜಿನ್‌ನ ಪಕ್ಕದ ಮುಚ್ಚಳ) ಕೂದಲೆಳೆ ಬಿರುಕಿದ್ದರೆ ಒರೆಸಿದರೂ ಮತ್ತೆ ಆಯಿಲ್ ಜಿನುಗುತ್ತದೆ, ಒಂದು ರಾತ್ರಿ ಕೆಳಗೆ ರಟ್ಟು ಹಾಸಿ ನೋಡಿ. ಸೈಡ್ ಸ್ಟ್ಯಾಂಡ್‌ನ ಸ್ಪ್ರಿಂಗ್ ಮತ್ತು ಸ್ವಿಚ್ಚೂ ಪರೀಕ್ಷಿಸಬೇಕು.

ಚಕ್ರ ತಿರುಗಿಸಿ ಬ್ರೇಕ್ ಪ್ಯಾಡ್‌ನ ಅಂಚಿನ ಮಟ್ಟದಲ್ಲಿ ಕಣ್ಣಿಟ್ಟರೆ, ಬ್ರೇಕ್ ಡಿಸ್ಕ್ ಬಗ್ಗಿದ್ದರೆ ಅದು ಓಲಾಡುವುದು ಕಾಣುತ್ತದೆ. ಬಗ್ಗಿದ ಕ್ಲಚ್ ಲಿವರ್ ಬಡಿದು ನೇರ ಮಾಡಬೇಡಿ. ಅಲ್ಯೂಮಿನಿಯಂ ಒಮ್ಮೆ ಬಗ್ಗಿದರೆ ಒಳಗೆ ಬಿರುಕು ಬಿಡುತ್ತದೆ, ಬೇಕಾದ ಹೊತ್ತಿಗೆ ಮುರಿಯುತ್ತದೆ. ಕೊನೆಗೆ ಹ್ಯಾಂಡಲ್ ಕೂರುವ ಚಾಸಿಸ್ ಕತ್ತಿನ ಹತ್ತಿರ ವೆಲ್ಡಿಂಗ್ ಸುತ್ತ ಬಣ್ಣ ಸಿಡಿದಿದೆಯಾ, ಸುಕ್ಕುಗಟ್ಟಿದೆಯಾ ನೋಡಿಸಿ. ಅಲ್ಲಿ ಗುರುತಿದ್ದರೆ ಮಾತ್ರ ಬೈಕ್ ಉಳಿಸಿಕೊಳ್ಳುವುದರ ಬಗ್ಗೆಯೇ ಯೋಚಿಸಬೇಕಾಗುತ್ತದೆ.

ಹೆಲ್ಮೆಟ್ ಬದಲಿಸಲೇಬೇಕು. ಒಳಗಿನ ಥರ್ಮೋಕೋಲ್‌ನಂಥ ಪದರ ಒಂದೇ ಸಲ ಅಮುಕಿ ಪೆಟ್ಟು ಹೀರಲು ಮಾಡಿದ್ದು, ಅದು ಮತ್ತೆ ಉಬ್ಬುವುದಿಲ್ಲ. ಹಳೆಯದನ್ನು ‘ಹಿಂದೆ ಕೂರುವವರಿಗೆ’ ಅಂತ ಎತ್ತಿಡಬೇಡಿ, ಪಟ್ಟಿ ಕತ್ತರಿಸಿ ಎಸೆಯಿರಿ. ಎಸೆಯುವ ಮೊದಲು, ಡಾಕ್ಟರ ಹತ್ತಿರ ಹೋಗುವಾಗ ಅದನ್ನು ಜೊತೆಗೆ ಒಯ್ದರೆ ಪೆಟ್ಟು ಎಲ್ಲಿ ಬಿತ್ತು ಅಂತ ಅವರಿಗೂ ಗೊತ್ತಾಗುತ್ತದೆ.

ಸವಾರಿ ಪಾಠ

ಬಿದ್ದದ್ದು ವೇಗಕ್ಕಲ್ಲ, ಬ್ರೇಕ್ ಹಿಡಿದ ಜಾಗಕ್ಕೆ. ಮನೆಯವರಿಗೆ ಈ ವ್ಯತ್ಯಾಸ ತಿಳಿಯುವುದು ಮುಖ್ಯ, ಏಕೆಂದರೆ ‘ನಿಧಾನ ಓಡಿಸು’ ಅಂದಷ್ಟಕ್ಕೆ ಈ ತಪ್ಪು ಹೋಗುವುದಿಲ್ಲ.

ಟೈರಿಗೆ ಹಿಡಿತ ಇರುವುದು ಒಂದೇ ಪಾಲು. ವಾಲಿದಾಗ ಅದರ ಬಹುಭಾಗ ತಿರುಗುವುದಕ್ಕೇ ಖರ್ಚಾಗುತ್ತದೆ. ಕೆಳಗೆ ಮರಳಿದ್ದರೆ ಆ ಪಾಲೇ ಚಿಕ್ಕದು. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ (ತಿರುಗುವುದು ನಿಂತು) ಕ್ಷಣದಲ್ಲಿ ಜಾರುತ್ತದೆ, ಸರಿಪಡಿಸಲು ಸಮಯವೇ ಸಿಗುವುದಿಲ್ಲ. ಎಬಿಎಸ್ ಇದ್ದರೂ ಸಾಮಾನ್ಯ ಎಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯುತ್ತದೆಯೇ ಹೊರತು ವಾಲಿದ ಬೈಕ್ ಪಕ್ಕಕ್ಕೆ ಜಾರುವುದನ್ನು ನಿಲ್ಲಿಸುವ ಭರವಸೆ ಇಲ್ಲ.

ಮಾಡಬೇಕಿದ್ದದ್ದು ಹೀಗೆ. ತಿರುವಿನ ಮೊದಲೇ, ಬೈಕ್ ನೆಟ್ಟಗಿರುವಾಗ ವೇಗ ಇಳಿಸುವುದು. ಒಳಗೆ ಹೋದ ಮೇಲೆ ಮರಳು ಕಂಡರೆ ಸಾಧ್ಯವಾದಷ್ಟು ನೆಟ್ಟಗೆ ಮಾಡಿ, ಎಕ್ಸಲರೇಟರ್ ತಟ್ಟನೆ ಬಿಡದೆ, ಮುಂದಿನ ಬ್ರೇಕ್ ಮುಟ್ಟದೆ ದಾಟುವುದು, ಆಚೆ ಹೋದಮೇಲೆ ಮತ್ತೆ ವಾಲುವುದು. ಕಣ್ಣು ತಿರುವು ಮುಗಿಯುವ ಕಡೆಗಿರಬೇಕು. ಮರಳನ್ನೇ ದಿಟ್ಟಿಸಿದರೆ ಬೈಕ್ ಅಲ್ಲಿಗೇ ಹೋಗುತ್ತದೆ. ವೇಗದ ಲೆಕ್ಕವೂ ಇರಲಿ: ಅದೇ ತಿರುವನ್ನು 40ರ ಬದಲು 50ರಲ್ಲಿ ತೆಗೆದುಕೊಂಡರೆ ಬೇಕಾಗುವ ಹಿಡಿತ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು.

ಮತ್ತೆ ಓಡಿಸುವ ದಿನ ಬಂದಾಗ ಖಾಲಿ ಮೈದಾನದಲ್ಲಿ ನೇರ ಸಾಲಿನಲ್ಲಿ 30ರಿಂದ ಬ್ರೇಕ್ ಹಾಕುವುದನ್ನು ಇಪ್ಪತ್ತು ಸಲ ಮಾಡಿಸಿ: ಲಿವರ್ ಮೊದಲು ಮೆಲ್ಲಗೆ ಮುಟ್ಟಬೇಕು, ಫೋರ್ಕ್ ಕೆಳಗಿಳಿದು ಭಾರ ಮುಂದೆ ಬಂದ ಮೇಲೆ ಒತ್ತಡ ಏರಿಸಬೇಕು. ಆಮೇಲೆ 40ರಿಂದ. ಬೆರಳು ಗಾಬರಿಯಲ್ಲಿ ಹಿಡಿಯುವುದನ್ನು ಬಿಡುವವರೆಗೆ.

ದೊಡ್ಡಮ್ಮ

ಅಪ್ಪ ಕೀ ತೆಗೆದಿಟ್ಟಿದ್ದು ಸರಿಯೇ. ತಲೆಗೆ ಪೆಟ್ಟು, ಕೈಗೆ ಸಂಶಯ, ಪರೀಕ್ಷೆಯಾಗದ ಬೈಕ್, ಇಷ್ಟಿರುವಾಗ ಯಾರ ಕೈಗೂ ಕೊಡಬಾರದು. ಅದನ್ನು ಶಿಕ್ಷೆ ಅಂತ ಹೇಳಬಾರದು ಅಷ್ಟೇ. ‘ಡಾಕ್ಟರು ಸರಿ ಅನ್ನಲಿ, ಬೈಕ್ ಪರೀಕ್ಷೆ ಆಗಲಿ, ಆಮೇಲೆ ಕೂತು ಮಾತಾಡೋಣ’ ಅಂತ ಅಪ್ಪನ ಬಾಯಿಂದಲೇ ಬರಲಿ. ಮಾರುವ ತೀರ್ಮಾನ ಎರಡು ವಾರ ಮುಂದಕ್ಕೆ ಹಾಕಿ. ಭಯ ಹಸಿಯಾಗಿರುವಾಗ ಮಾಡಿದ ತೀರ್ಮಾನವನ್ನು ಆಮೇಲೆ ಯಾರೂ ಸಮಾಧಾನದಿಂದ ಪಾಲಿಸುವುದಿಲ್ಲ. ಬಲವಂತದಿಂದ ನಿಲ್ಲಿಸಿದರೆ ಹುಡುಗ ಗೆಳೆಯನ ಬೈಕ್ ಹತ್ತುವ ಸಾಧ್ಯತೆಯಿದೆ, ಅಲ್ಲಿ ಅವನ ತಲೆಯ ಅಳತೆಯ ಹೆಲ್ಮೆಟ್ಟೂ ಇರುವುದಿಲ್ಲ.

ಇವತ್ತು ವಿಚಾರಣೆ ಬೇಡ. ‘ಯಾಕೆ ಹಾಗೆ ಓಡಿಸ್ದೆ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ನಾಳೆ ತಲೆನೋವು ಹೆಚ್ಚಾದರೂ ಬೈಗುಳದ ಭಯಕ್ಕೆ ಹೇಳುವುದಿಲ್ಲ. ಅಪಾಯ ಇರುವುದು ಅಲ್ಲೇ. ‘ಎಲ್ಲಿ ನೋಯ್ತಿದೆ? ಬಿದ್ದದ್ದು ಎಲ್ಲಾ ನೆನಪಿದೆಯಾ?’ ಅಂತ ಕೇಳಿ. ಎರಡನೆಯದಕ್ಕೆ ಉತ್ತರ ತಡವರಿಸಿದರೆ ಡಾಕ್ಟರಿಗೆ ಹೇಳಬೇಕು.

ಅಮ್ಮನಿಗೆ ಏನಾದರೂ ಕೆಲಸ ಕೊಡಿ. ಗಾಯ ತೊಳೆದ ಹೊತ್ತು, ಮಾತ್ರೆ ಕೊಟ್ಟ ಹೊತ್ತು, ತಲೆನೋವು ಹತ್ತಕ್ಕೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಡಲಿ. ಅಳು ನಿಲ್ಲಿಸು ಅನ್ನುವುದಕ್ಕಿಂತ ಇದು ಅವರಿಗೆ ಆಸರೆ, ಆ ಹಾಳೆ ಡಾಕ್ಟರಿಗೂ ಬೇಕಾಗುತ್ತದೆ. ಹುಡುಗನಿಗಾಗಲಿ ಅಮ್ಮನಿಗಾಗಲಿ ನಿದ್ದೆಯಲ್ಲಿ ಬೆಚ್ಚುವುದು, ಬ್ರೇಕ್ ಸದ್ದಿಗೆ ನಡುಗುವುದು ಮೊದಲ ವಾರಗಳಲ್ಲಿ ಸಹಜ. ಒಂದು ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಬೇಕು.

ಮತ್ತೆ ಓಡಿಸಲು ಬಿಡುವಾಗ ಷರತ್ತು ನಾಲ್ಕೇ ಇರಲಿ, ಬರೆದೇ ಇರಲಿ: ಮೂರು ತಿಂಗಳು ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಕತ್ತಲಾದ ಮೇಲೆ ಇಲ್ಲ, ಹೆಲ್ಮೆಟ್ ಜೊತೆ ಗ್ಲೌಸ್ ಕಡ್ಡಾಯ, ಬಿದ್ದರೆ ಎಷ್ಟೇ ಚಿಕ್ಕದಾದರೂ ಮನೆಗೆ ಫೋನ್. ಕೊನೆಯದಕ್ಕೆ ಬದಲಾಗಿ ಅಪ್ಪನಿಂದಲೂ ಒಂದು ಮಾತು ಬೇಕು, ಆ ಫೋನಿಗೆ ಬೈಗುಳ ಇರುವುದಿಲ್ಲ ಅಂತ.

ಅಕ್ಕ

ಅಪ್ಪನೇ ಕರೆದುಕೊಂಡು ಹೋಗಿ ಬಂದರು. ತಲೆಯದ್ದು ಸದ್ಯಕ್ಕೆ ಅಪಾಯ ಕಾಣ್ತಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದಾರೆ. ಗುಳಿಯಲ್ಲಿ ಒತ್ತಿದಾಗ ಕೂಗಿದ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಹೆಬ್ಬೆರಳು ಸೇರಿಸಿ ಪಟ್ಟಿ ಹಾಕಿದ್ದಾರೆ, 12 ದಿನ ಬಿಟ್ಟು ಮತ್ತೆ ಬರಬೇಕಂತೆ.

ತುರ್ತು ವಿಭಾಗ

ಮೊದಲ ಎರಡು ಮೂರು ದಿನ ಕೈ ಎದೆಯ ಮಟ್ಟಕ್ಕಿಂತ ಮೇಲಿರಲಿ, ರಾತ್ರಿ ದಿಂಬಿನ ಮೇಲೆ. ಉಂಗುರ ಇದ್ದರೆ ಈಗಲೇ ತೆಗೆಸಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಅಥವಾ ಪಟ್ಟಿಯ ಒಳಗೆ ನೋವು ಏರುತ್ತಲೇ ಹೋದರೆ 12 ದಿನ ಕಾಯದೆ ಆಗಲೇ ವಾಪಸ್ ಹೋಗಿ. ಪಟ್ಟಿ ಒದ್ದೆಯಾಗದಿರಲಿ. ಮೂಳೆ ಮುರಿದದ್ದು ಖಚಿತವಾದರೆ ಕೂಡಲು 6ರಿಂದ 12 ವಾರ ಬೇಕಾಗಬಹುದು, ಆ ಕೈ ಕ್ಲಚ್ ಹಿಡಿಯುವ ಕೈ. ಅಲ್ಲಿಯವರೆಗೂ ಕೀ ಅಪ್ಪನ ಹತ್ತಿರವೇ ಇರಲಿ. ತಲೆನೋವಿನ ಹಾಳೆ ಮಾತ್ರ ಇವತ್ತು ರಾತ್ರಿಯೂ ಬರೆಯಿರಿ.