ಸಹಾಯ ಬೇಕು: ಹಳೆಯ ಯೆಜ್ಡಿ ಬೈಕಿನ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಸೋರಿಕೆ

ಅಪ್ಪ ಬಿಟ್ಟುಹೋದ, ಮೈಸೂರಿನಲ್ಲೇ ತಯಾರಾದ 1984ರ ಯೆಜ್ಡಿ ನನ್ನ ಬಳಿ ಇದೆ. ಪೆಟ್ರೋಲ್ ಕಾಕ್ ತೆರೆದ ಎರಡೇ ನಿಮಿಷಕ್ಕೆ ಕಾರ್ಬ್ಯುರೇಟರಿನ ಟಿಕ್ಲರ್ ಗುಂಡಿಯ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಒತ್ತುವ ಗುಂಡಿ) ಸುತ್ತಲಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಗ್ಯಾಸ್ಕೆಟ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಫ್ಲೋಟನ್ನು (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಮೇಲೆ ತೇಲುವ ಟೊಳ್ಳು ಬುರುಡೆ) ಕಿವಿಯ ಬಳಿ ಹಿಡಿದು ಅಲುಗಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುವ ಸದ್ದಿಲ್ಲ; ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆಯೂ ಏಳಲಿಲ್ಲ. ಹಾಗಾಗಿ ಫ್ಲೋಟ್ ತೂತಾಗಿಲ್ಲ; ಅನುಮಾನವೆಲ್ಲ ಫ್ಲೋಟ್ ಮೇಲೇರಿದಾಗ ಪೆಟ್ರೋಲ್ ಒಳಬರುವ ದಾರಿಯನ್ನು ಮುಚ್ಚುವ ಸೂಜಿಯ ಮೇಲೆ. ಅದರ ಮೊನೆಯ ಸುತ್ತ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿದೆ.

ಸೂಜಿಯನ್ನು ಮಾತ್ರ ಬದಲಿಸಿದರೆ ಸಾಕೇ, ಅಥವಾ ಅದು ಕೂರುವ ಹಿತ್ತಾಳೆಯ ಸೀಟನ್ನೂ ಉಜ್ಜಿ ನಯಗೊಳಿಸಬೇಕೇ? ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ. ಇಡೀ ಕಾರ್ಬ್ಯುರೇಟರನ್ನೇ ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ನನಗೆ ಮನಸ್ಸು ಒಪ್ಪುತ್ತಿಲ್ಲ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಬಿದ್ದೀತೆಂಬ ಭಯದಿಂದ ಸದ್ಯಕ್ಕೆ ಗಾಡಿ ಓಡಿಸುತ್ತಿಲ್ಲ. ಮೈಸೂರು, ಮಂಡ್ಯದ ಕಡೆ ಹಳೆಯ ಸೂಜಿ ಸಿಗುವ ಅಂಗಡಿ ಗೊತ್ತಿದ್ದರೂ ಹೇಳಿ.